ಗಳ ಬಿಟ್ಟ ಕೈ

ದೊಡ್ಡಪ್ಪನ ಬಲಗಾಲಿನ ಹೆಬ್ಬೆರಳು ಪಕ್ಕದ ಬೆರಳನ್ನು ನಂಬುತ್ತಿರಲಿಲ್ಲ. ನಡುವೆ ಇನ್ನೊಂದು ಬೆರಳು ಹಿಡಿಸುವಷ್ಟು ಜಾಗ ಬಿಟ್ಟುಕೊಂಡು ದೂರ ನಿಂತಿರುತ್ತಿತ್ತು. ಹರೆಯವೆಲ್ಲ ಏತದ ಮರದ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆದು, ಬಿದ್ದುಹೋಗದಂತೆ ಮರವನ್ನು ಬೆರಳಲ್ಲೇ ಕಚ್ಚಿ ಹಿಡಿದು ಹಾಗಾದದ್ದು. ಎಡಗಾಲಿನ ಕಥೆ ಬೇರೆ. ಅದು ಮಂಡಿಯ ಕೆಳಗೆ ಹೊರಕ್ಕೆ ತಿರುಗಿತ್ತು. ಅದೇ ಏತದಿಂದ ಬಿದ್ದು ಮುರಿದು, ಸರಿಯಾಗಿ ಕೂಡಿಕೊಳ್ಳದೆ ಹಾಗೇ ಉಳಿದದ್ದು. ‘ಬಲಗಾಲು ಏತ ಮಾಡಿದ್ದು, ಎಡಗಾಲು ನನ್ ತಮ್ಮ ಮಾಡಿದ್ದು’ ಎಂದು ಬಂದವರಿಗೆಲ್ಲ ಎರಡೂ ಕಾಲು ಚಾಚಿ ತೋರಿಸುತ್ತಿದ್ದ. ಆ ತಮ್ಮನ ಮಗಳು ನಾನು.

ಏತ ನೋಡದವರಿಗಾಗಿ ಎರಡು ಮಾತು ಹೇಳಬೇಕು. ಬಾವಿಯ ದಂಡೆಯಲ್ಲಿ ಎರಡು ಕಲ್ಲುಕಂಬ, ಅವುಗಳ ನಡುವೆ ತೂಗುವ ಉದ್ದನೆಯ ಮರ. ಮರದ ಬಾವಿ ಕಡೆಯ ತುದಿಯಿಂದ ಒಂದು ಬಿದಿರಿನ ಗಳ ಇಳಿಬಿದ್ದಿರುತ್ತದೆ, ಗಳದ ಕೆಳಗೆ ನೀರು ತುಂಬುವ ಬಾನಿ. ಒಬ್ಬ ಮರದ ಮೇಲೆ ನಡೆಯುತ್ತಾನೆ. ಅವನು ಬಾವಿಯ ಕಡೆ ನಡೆದರೆ ಬಾನಿ ನೀರಿಗಿಳಿಯುತ್ತದೆ, ಹಿಂದಕ್ಕೆ ನಡೆದರೆ ತುಂಬಿಕೊಂಡು ಮೇಲೇಳುತ್ತದೆ. ಇನ್ನೊಬ್ಬ ಬಾವಿಯ ಅಂಚಿನ ಹಲಗೆಯ ಮೇಲೆ ನಿಂತು, ಗಳ ಹಿಡಿದು ಬಾನಿಯನ್ನು ಮುಳುಗಿಸುತ್ತಾನೆ, ಮೇಲೆ ಬಂದಾಗ ತೊಟ್ಟಿಗೆ ಸುರಿಯುತ್ತಾನೆ. ಮರದ ಮೇಲಿನವನಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಅವನು ನೆಚ್ಚಿಕೊಂಡಿರುವುದು ಕೆಳಗಿನವನ ಕೈಯನ್ನು ಮಾತ್ರ.

ತೆಲುಗು ಸೀಮೆಯ ಅಂಚಿನಲ್ಲಿ, ರೊದ್ದಂ ಹತ್ತಿರದ ನಮ್ಮ ಊರಿನ ಬಾವಿ ಅಣ್ಣತಮ್ಮಂದಿರ ಜಂಟಿ ಬಾವಿ. ಒಂದು ದಿನದ ನೀರು ದೊಡ್ಡಪ್ಪನ ಹೊಲಕ್ಕೆ, ಮರುದಿನದ್ದು ನಮ್ಮಪ್ಪನ ಹೊಲಕ್ಕೆ. ದಿನ ಯಾರದಾದರೂ ಮರದ ಮೇಲೆ ದೊಡ್ಡಪ್ಪ, ಗಳಕ್ಕೆ ಅಪ್ಪ. ನಾನು ಕೈಗೂಸಾಗಿದ್ದಾಗ ಒಂದು ಬೆಳಿಗ್ಗೆ ಮೇಲೆ ಬಂದ ನೀರನ್ನು ತೊಟ್ಟಿಗೆ ಸುರಿಯುವ ಹೊತ್ತಿನಲ್ಲಿ ಮರ ಧಡಕ್ಕನೆ ಕುಲುಕಿ ದೊಡ್ಡಪ್ಪ ಕಲ್ಲಿನ ಮೇಲೆ ಬಿದ್ದ. ಬೀಳುವಾಗ ಅವನಿಗೆ ಕಂಡದ್ದು ಒಂದೇ. ತಮ್ಮನ ಎರಡೂ ಕೈ ಬರಿದಾಗಿ, ಬೆರಳು ಅಗಲಿಸಿಕೊಂಡು ಎದೆಯ ಮಟ್ಟಕ್ಕೆ ಎದ್ದಿದ್ದವು. ಗಳ ಎಲ್ಲೋ ಮೇಲೆ ತೂಗಾಡುತ್ತಿತ್ತು.

ಅಪ್ಪ ಹೇಳಿದ್ದು, ‘ನಾನು ಬುಡ್ಲಿಲ್ಲ, ಗಳ ಕಿತ್ಕೊಂಡು ಹೋಯ್ತು.’ ಇದನ್ನು ದೊಡ್ಡಪ್ಪ ಊರಿಗೆಲ್ಲ ಆಡಿಕೊಂಡು ನಗುವ ಮಾತಾಗಿ ಮಾಡಿದ. ಯಾರಾದರೂ ಸುಳ್ಳು ಹೇಳುತ್ತಿದ್ದಾರೆ ಎನ್ನಿಸಿದರೆ ಸಾಕು, ‘ಹೂಂ, ಗಳ ತಾನಾಗೇ ಹೋಯ್ತಂತೆ!’ ಎನ್ನುತ್ತಿದ್ದ. ಕೊನೆಗೆ ಆ ಮಾತು ಊರಿನ ಮಾತೇ ಆಗಿ, ಕಳ್ಳೇಕಾಯಿ ಬಿಡಿಸುವ ಹೆಂಗಸರ ಬಾಯಿಗೂ ಬಂತು. ಅಪ್ಪನಿಗೆ ಇರಲಾಗಲಿಲ್ಲ. ನಮ್ಮನ್ನು ಕಟ್ಟಿಕೊಂಡು ಕಲ್ಯಾಣದುರ್ಗಕ್ಕೆ ಹೋಗಿ ಅಲ್ಲಿನ ಒಂದು ಎಣ್ಣೆ ಮಿಲ್ಲಿಗೆ ಸೇರಿಕೊಂಡ. ಹೊಲವನ್ನು ಮಾರಲಿಲ್ಲ, ಉಳಲೂ ಇಲ್ಲ, ಬೀಳು ಬಿಟ್ಟ. ಅಣ್ಣತಮ್ಮಂದಿರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಾತಾಡಲಿಲ್ಲ.

ಇಲ್ಲಿ ನನ್ನದೂ ಒಂದು ಮಾತು ಒಪ್ಪಿಕೊಳ್ಳಬೇಕು. ನನಗೂ ಅನುಮಾನವಿತ್ತು, ಅದೂ ನಮ್ಮಪ್ಪನ ಮೇಲೆ. ಗಳ ತಾನಾಗಿ ಹೇಗೆ ಹೋಗುತ್ತದೆ? ಅಪ್ಪ ಸಾಧು ಮನುಷ್ಯ, ನಿಜ. ಆದರೆ ಸಾಧುಗಳಿಗೆ ಒಂದು ಗಳಿಗೆ ಕೆಟ್ಟ ಬುದ್ಧಿ ಬರಬಾರದೆಂದೇನೂ ಇಲ್ಲವಲ್ಲ. ಅಪ್ಪ ಊಟಕ್ಕೆ ಕೂತು ಸುಮ್ಮನೆ ತನ್ನ ಅಂಗೈ ನೋಡಿಕೊಳ್ಳುವುದನ್ನು ನಾನು ಎಷ್ಟೋ ಸಲ ಕಂಡಿದ್ದೆ. ತಪ್ಪು ಮಾಡದವನು ತನ್ನ ಕೈ ಯಾಕೆ ನೋಡಿಕೊಳ್ಳಬೇಕು ಎಂದುಕೊಳ್ಳುತ್ತಿದ್ದೆ. ಇಂಥ ಯೋಚನೆ ಬಂದಾಗೆಲ್ಲ ನಾಚಿಕೆಯಾಗುತ್ತಿತ್ತು, ಆದರೆ ಯೋಚನೆ ಹೋಗುತ್ತಿರಲಿಲ್ಲ.

ಮದುವೆಯಾಗಿ ಹಿಂದೂಪುರಕ್ಕೆ ಬಂದು, ಅಲ್ಲೇ ಕನ್ನಡ ಮಾಧ್ಯಮದ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಕೆಲಸಕ್ಕೆ ಸೇರಿದ ಮೇಲೆ ದೊಡ್ಡಪ್ಪನ ಊರು ಒಂದು ಬಸ್ಸಿನ ದೂರವಾಯಿತು. ಅಪ್ಪನಿಗೆ ಹೇಳದೆ ಒಂದು ಭಾನುವಾರ ಹೋದೆ. ಜಗಲಿಯ ಮೇಲೆ ಕೂತಿದ್ದ ದೊಡ್ಡಪ್ಪ ನನ್ನನ್ನು ಕಾಲಿಂದ ತಲೆಯವರೆಗೆ ನೋಡಿದ.

‘ಎವರಮ್ಮಾ?’ ಯಾರೆಂದು ತೆಲುಗಿನಲ್ಲಿ ಕೇಳಿದ.

ಇಂಥವರ ಮಗಳು ಎಂದೆ.

‘ಯಾರು ಕಳ್ಸಿದ್ರು?’

‘ಯಾರೂ ಕಳ್ಸಿಲ್ಲ ದೊಡ್ಡಪ್ಪ, ನಾನೇ ಬಂದೆ.’

‘ನೀನೇ ಬಂದ್ಬುಟ್ಯಾ? ಬಸ್ಸು ತಾನಾಗೇ ಬಂದು ಕೂರಿಸ್ಕಂಡು ಬಂತಾ?’

ನಾನು ತೆಗೆದುಕೊಂಡು ಹೋಗಿದ್ದ ಮೈಸೂರುಪಾಕಿನ ಪೊಟ್ಟಣ ಬಿಚ್ಚಿ ಒಂದು ತುಂಡು ನಾಯಿಗೆ ಹಾಕಿದ. ನಾಯಿ ತಿಂದು ಬಾಲ ಅಲ್ಲಾಡಿಸಿತು. ಕಾಲು ಗಂಟೆ ನಾಯಿಯನ್ನೇ ನೋಡುತ್ತ ಕೂತಿದ್ದು, ಆಮೇಲೆ ತಾನೊಂದು ತುಂಡು ಬಾಯಿಗೆ ಹಾಕಿಕೊಂಡ. ನನಗೆ ಸಿಟ್ಟು ಬಂದಿತ್ತು. ಆದರೆ ವಾಪಸು ಹೊರಟಾಗ ಅವನು ಕೊಟ್ಟ ಕಳ್ಳೇಕಾಯಿಯ ಚೀಲವನ್ನು ಮನೆಗೆ ಬಂದು ನಾನೂ ತಳದವರೆಗೆ ಸುರಿದು ನೋಡಿದೆ, ಮೇಲೆ ಒಳ್ಳೆಯವು, ಕೆಳಗೆ ಜೊಳ್ಳು ಇರಬಹುದೆಂದು. ತಳದಲ್ಲಿ ಇನ್ನೂ ದಪ್ಪನೆಯ ಕಾಯಿಗಳಿದ್ದವು. ನಮ್ಮ ಮನೆತನವೇ ಹೀಗೆ ಎಂದು ಆವತ್ತು ಗೊತ್ತಾಯಿತು.

ಆವತ್ತೇ ಇನ್ನೊಂದು ಕೆಲಸ ಮಾಡಿದ್ದೆ. ಯಾರೂ ನೋಡುತ್ತಿಲ್ಲವೆಂದುಕೊಂಡು ಬಾವಿಯ ಹತ್ತಿರ ಹೋಗಿ, ಅಂಚಿನ ಹಲಗೆಯ ಮೇಲೆ ನಿಂತು, ಇಲ್ಲದ ಗಳವನ್ನು ಹಿಡಿದಂತೆ ಹಿಡಿದು, ಬಿಟ್ಟಂತೆ ಬಿಟ್ಟು ನೋಡಿದ್ದೆ. ಅದರಿಂದ ಏನೂ ತಿಳಿಯಲಿಲ್ಲ. ಬಾವಿಯಲ್ಲಿ ನೀರೇ ಇರಲಿಲ್ಲ, ತಳದಲ್ಲಿ ಒಂದು ಎಕ್ಕದ ಗಿಡ ಬೆಳೆದಿತ್ತು.

ಆಮೇಲೆ ತಿಂಗಳಿಗೊಂದು ಸಲವಾದರೂ ಹೋಗುತ್ತಿದ್ದೆ. ಯಾಕೆ ಹೋಗುತ್ತಿದ್ದೆನೋ. ಬೈಸಿಕೊಳ್ಳುವುದಕ್ಕೆ ಅಷ್ಟು ದೂರ ಯಾರೂ ಹೋಗುವುದಿಲ್ಲ. ದೊಡ್ಡಮ್ಮ ಮಾಡುವ ಮಂಡಕ್ಕಿ ಉಗ್ಗಾಣಿ ಒಂದು ಕಾರಣ. ನಮ್ಮಣ್ಣ, ಅಂದರೆ ದೊಡ್ಡಪ್ಪನ ಮಗ, ಬೋರ್‌ವೆಲ್ ಹಾಕಿಸಿಕೊಂಡು ಟೊಮೆಟೊ ಬೆಳೆಯುತ್ತಿದ್ದ, ಅವನು ಮೊದಲ ದಿನದಿಂದಲೂ ನನ್ನನ್ನು ಸ್ವಂತ ತಂಗಿಯಂತೆ ಕಂಡವನು. ಆದರೆ ನಿಜವಾದ ಕಾರಣ ದೊಡ್ಡಪ್ಪನೇ. ಅಷ್ಟು ಶ್ರದ್ಧೆಯಿಂದ ಲೋಕವನ್ನೇ ಅನುಮಾನಿಸುವ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ. ಹಾಲಿನವನು ಬಂದರೆ ಹಾಲಿಗಿಂತ ಮೊದಲು ಅವನ ಮುಖ ನೋಡುತ್ತಿದ್ದ. ಟಿವಿಯಲ್ಲಿ ಮಳೆ ಬರುತ್ತದೆ ಎಂದರೆ ‘ಇವ್ನಿಗೆ ಹೆಂಗೊತ್ತಾಯ್ತು? ಯಾರೋ ಹೇಳ್ಕೊಟ್ಟವ್ರೆ’ ಎನ್ನುತ್ತಿದ್ದ. ಬಸ್ಸಿನಲ್ಲಿ ನಿದ್ದೆ ಮಾಡುತ್ತಿರಲಿಲ್ಲ, ಡ್ರೈವರನೂ ಮಾಡದಿರಲಿ ಎಂದು. ಫೋನ್ ಅಂತೂ ಅವನ ಪಾಲಿಗೆ ದೊಡ್ಡ ಮೋಸದ ಯಂತ್ರ. ಮಾತಾಡುವವರು ನಿಜವಾಗಿ ಅವರೇ ಎಂದು ಏನು ಗ್ಯಾರಂಟಿ? ನಾನು ಫೋನ್ ಮಾಡಿದರೆ, ‘ನೀನೇನಾ? ಹಂಗಾರೆ ಹೇಳು, ನಮ್ಮನೆ ಒಲೆ ಯಾವ ಮೂಲೇಲೈತೆ?’ ಎಂದು ಪರೀಕ್ಷೆ ಮಾಡಿ, ಸರಿಯಾದ ಉತ್ತರ ಸಿಕ್ಕಮೇಲೆಯೇ ‘ಏನಮ್ಮಾ, ಚೆನ್ನಾಗಿದೀಯಾ?’ ಎನ್ನುತ್ತಿದ್ದ.

ಕೆಲವು ವರ್ಷಗಳ ಹಿಂದೆ ನಮ್ಮ ಕಡೆ ಯಾರೂ ನೆನೆಸದಂಥ ಮಳೆ ಸುರಿಯಿತಲ್ಲ, ಕೆರೆಗಳು ಕೋಡಿ ಬಿದ್ದವು, ಸತ್ತ ಬಾವಿಗಳಲ್ಲಿ ನೀರೆದ್ದಿತು. ನಮ್ಮ ಬಾವಿಯೂ ಎಕ್ಕದ ಗಿಡವನ್ನು ಮುಳುಗಿಸಿ, ಕೈಚಾಚಿದರೆ ಸಿಗುವಷ್ಟು ಮೇಲಕ್ಕೆ ತುಂಬಿತು. ಎಲ್ಲರೂ ಹಿಗ್ಗಿದರೆ ದೊಡ್ಡಪ್ಪನಿಗೆ ಹೊಸ ಕೆಲಸ ಸಿಕ್ಕಿತು. ದಿನಾ ಸಂಜೆ ಬಾವಿಯ ಕಲ್ಲಿನ ಮೇಲೆ ನೀರಿನ ಮಟ್ಟಕ್ಕೆ ಸುಣ್ಣದ ಗೆರೆ ಎಳೆಯುವುದು, ಬೆಳಿಗ್ಗೆ ಹೋಗಿ ನೋಡುವುದು. ಒಂದು ದಿನ ನೀರು ಗೆರೆಗಿಂತ ಬೆರಳಷ್ಟು ಇಳಿದಿತ್ತು. ಬಿಸಿಲಿಗೆ ಆರಿರುತ್ತದೆ ಎಂದೆ.

‘ಬಿಸ್ಲಿಗೆ ನಮ್ ಬಾವೀನೇ ಬೇಕಾಗಿತ್ತಾ?’ ಎಂದ.

ಫೆಬ್ರವರಿಯ ಕೊನೆಗೆ ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಹೊಸದು ಬರಲು ಹತ್ತು ದಿನವಾದರೂ ಬೇಕು ಎಂದರು. ಅಣ್ಣ ಟೊಮೆಟೊ ಸಸಿ ನಾಟಿ ಮಾಡಿ ಮೂರೇ ದಿನವಾಗಿತ್ತು. ಬೋರ್ ಓಡುವಂತಿಲ್ಲ, ಸಸಿಗಳು ಮಧ್ಯಾಹ್ನವಾದರೆ ತಲೆ ಹಾಕಿ ಮಲಗುತ್ತಿದ್ದವು. ಡೀಸೆಲ್ ಎಂಜಿನ್ನು ಇದ್ದವರು ತಮ್ಮ ಹೊಲಕ್ಕೇ ಬೇಕು ಎಂದರು. ನಾನು ಆ ಭಾನುವಾರ ಹೋದಾಗ ದೊಡ್ಡಪ್ಪ ಜಗಲಿಯ ಮೇಲೆ ಬಾವಿಯ ಕಡೆಗೇ ನೋಡುತ್ತ ಕೂತಿದ್ದ.

‘ಏತ ಹೂಡ್ರಲಾ’ ಎಂದ, ತನಗೆ ತಾನೇ ಹೇಳಿಕೊಂಡ ಹಾಗೆ.

ಕಲ್ಲುಕಂಬ ನಿಂತೇ ಇದ್ದವು. ನೀಲಗಿರಿಯ ಒಂದು ಮರ ಸಿಕ್ಕಿತು, ಅಣ್ಣ ಅದರ ಮೇಲೆ ಕಾಲೂರಲು ಕಚ್ಚು ಹೊಡೆದ. ಗಳಕ್ಕೆ ಬಿದಿರು ಬಂತು. ಹಳೆಯ ತೊಗಲಿನ ಬಾನಿ ಯಾವಾಗಲೋ ಇಲಿಗಳ ಪಾಲಾಗಿತ್ತು. ದೊಡ್ಡಮ್ಮ ಅಟ್ಟದಿಂದ ಕಬ್ಬಿಣದ ಒಂದು ದೊಡ್ಡ ಬಕೀಟು ಇಳಿಸಿಕೊಟ್ಟಳು. ಇಳಿಸುವಾಗ ನಗುತ್ತ ಅದರ ಕಥೆ ಹೇಳಿದಳು. ತೊಗಲಿನ ಬಾನಿ ಹೊಲಿಗೆಯಲ್ಲಿ ಸೋರುತ್ತಿತ್ತಂತೆ. ಸೋರಿದ ನೀರು ತಿರುಗಿ ಬಾವಿಗೇ ಬೀಳುತ್ತಿತ್ತು. ಇವತ್ತು ತನ್ನ ಸರದಿಯಲ್ಲಿ ಬಾವಿಗೆ ಬಿದ್ದ ನೀರು ನಾಳೆ ಯಾರದು? ತಮ್ಮನದು. ಹಾಗಾದರೆ ಬೇಕೆಂದೇ ಸೋರಿಸುತ್ತಾನೆ! ಹೀಗೆ ಲೆಕ್ಕ ಹಾಕಿ ದೊಡ್ಡಪ್ಪ ಒಬ್ಬನೇ ಹಿಂದೂಪುರಕ್ಕೆ ಹೋಗಿ, ತೊಟ್ಟು ನೀರೂ ಸೋರದ ಈ ಬಕೀಟು ಮಾಡಿಸಿ, ಬಸ್ಸಿನ ಟಾಪಿನ ಮೇಲೆ ಹಾಕಿದರೆ ಯಾರಾದರೂ ಕದ್ದಾರೆಂದು ತಾನೂ ಅದರ ಜೊತೆ ಟಾಪಿನ ಮೇಲೇ ಕೂತು ಬಂದಿದ್ದನಂತೆ. ನಾನೂ ಅಣ್ಣನೂ ಹೊಟ್ಟೆ ಹಿಡಿದು ನಕ್ಕೆವು. ದೊಡ್ಡಪ್ಪ ನಗಲಿಲ್ಲ.

ಅಣ್ಣ ಮರ ಹತ್ತಿದ. ಗಳ ಹಿಡಿಯಲು ಯಾರು? ದೊಡ್ಡಮ್ಮನಿಗೆ ತೋಳು ನೋವು. ಅತ್ತಿಗೆ ಹೆರಿಗೆಗೆ ತವರಿಗೆ ಹೋಗಿದ್ದಳು. ನಾನು ಸೆರಗು ಸಿಕ್ಕಿಸಿಕೊಂಡು ಹಲಗೆಯ ಕಡೆ ಹೋದೆ.

‘ನೀನು ಬ್ಯಾಡ’ ಎಂದ ದೊಡ್ಡಪ್ಪ.

‘ಯಾಕೆ ದೊಡ್ಡಪ್ಪ?’

‘ಬ್ಯಾಡ ಅಂದ್ರೆ ಬ್ಯಾಡ. ಸಸಿ ಒಣಗೋದ್ರೆ ಒಣಗ್ಲಿ.’

ಯಾಕೆಂದು ಎಲ್ಲರಿಗೂ ಗೊತ್ತಿತ್ತು. ಮರದ ಮೇಲೆ ಅವನ ಮಗ, ಗಳಕ್ಕೆ ಅವನ ತಮ್ಮನ ಮಗಳು. ನನಗೆ ಕಣ್ಣಲ್ಲಿ ನೀರು ಬಂತು, ಸಿಟ್ಟಿಗೋ ಅವಮಾನಕ್ಕೋ ಹೇಳಲಾರೆ. ಅಣ್ಣನೇ ಮರದ ಮೇಲಿಂದ ಗದರಿದ, ‘ನೀನು ಸುಮ್ಕಿರಪ್ಪ. ಬಾರಮ್ಮ, ಹಿಡ್ಕ.’ ದೊಡ್ಡಪ್ಪ ಕುಂಟಿಕೊಂಡು ಬಂದು ನನ್ನಿಂದ ನಾಲ್ಕು ಮಾರು ದೂರದಲ್ಲಿ, ನನ್ನ ಕೈ ಕಾಣುವ ಹಾಗೆ ಒಂದು ಕಲ್ಲಿನ ಮೇಲೆ ಕೂತ. ಅಣ್ಣ ಬಿದ್ದರೆ ಮೆತ್ತಗಿರಲೆಂದು ಮರದ ಕೆಳಗೆಲ್ಲ ಒದ್ದೆ ಮಣ್ಣೂ ಹುಲ್ಲೂ ಹರಡಿಸಿದ್ದ. ನನ್ನ ಕೈಗೆ ಎಣ್ಣೆ ಹಚ್ಚಿದ್ದೇನೋ ಎಂದು ಮುಟ್ಟಿಯೂ ನೋಡಿದ.

ಮೊದಮೊದಲು ಅರ್ಧರ್ಧ ಬಕೀಟು ಎತ್ತಿದೆವು. ಚೆನ್ನಾಗಿಯೇ ಸಾಗಿತು. ತೊಟ್ಟಿಯಿಂದ ಕಾಲುವೆಗೆ ನೀರು ಇಳಿದು ಸಸಿಗಳ ಸಾಲಿನ ಕಡೆ ಹರಿಯುವುದನ್ನು ಕಂಡು ನನಗೆ ಹುಮ್ಮಸ್ಸು ಬಂತು. ಒಂದು ಸಲ ಬಕೀಟನ್ನು ಬಾಯಿಯವರೆಗೆ ಮುಳುಗಿಸಿ ತುಂಬಿದೆ. ಅಣ್ಣ ಹಿಂದಕ್ಕೆ ನಡೆದ. ಬಕೀಟು ತುಳುಕುತ್ತ ಮೇಲೆ ಬಂತು. ಎರಡೂ ಕೈಯಿಂದ ಗಳ ಓರೆಮಾಡಿ ತೊಟ್ಟಿಗೆ ಬಗ್ಗಿಸಿದೆ. ಇದ್ದ ನೀರೆಲ್ಲ ಒಂದೇ ಉಸಿರಿಗೆ ದಬಕ್ಕನೆ ಬಿದ್ದಿತು. ಮರುಕ್ಷಣ ಈ ಕಡೆಯ ತೂಕ ಪೂರ್ತಿ ಹೋಗಿ, ಅಣ್ಣ ನಿಂತಿದ್ದ ತುದಿ ಧಡ್ಡೆಂದು ನೆಲಕ್ಕೆ ಬಡಿಯಿತು. ನಾನು ಗಳವನ್ನು ಬಿಗಿಯಾಗಿ ಹಿಡಿದಿದ್ದೆ, ದೇವರಾಣೆ ಹಿಡಿದಿದ್ದೆ. ಅದು ನನ್ನ ಅಂಗೈಯನ್ನು ಉಜ್ಜಿಕೊಂಡು ಮೇಲಕ್ಕೆ ಕಿತ್ತುಕೊಂಡು ಹೋಯಿತು.

ಅಣ್ಣ ಹುಲ್ಲಿನ ಮೇಲೆ ಬಿದ್ದು, ಎದ್ದು, ಮೈಗೆ ಮೆತ್ತಿದ ಮಣ್ಣು ಒರೆಸಿಕೊಳ್ಳುತ್ತ, ‘ಏನೂ ಆಗ್ಲಿಲ್ಲ, ಏನೂ ಆಗ್ಲಿಲ್ಲ’ ಎಂದ. ನಾನು ನಿಂತಲ್ಲೇ ನಿಂತಿದ್ದೆ. ನನ್ನ ಎರಡೂ ಕೈ ಬರಿದಾಗಿ, ಬೆರಳು ಅಗಲಿಸಿಕೊಂಡು, ಎದೆಯ ಮಟ್ಟಕ್ಕೆ ಎದ್ದಿದ್ದವು. ದೊಡ್ಡಪ್ಪ ಅವನ್ನೇ ನೋಡುತ್ತಿದ್ದ.

ಬೈಗುಳಕ್ಕೆ ಕಾದೆ. ಬರಲಿಲ್ಲ. ಅವನು ಎದ್ದು ಬಂದು ನನ್ನ ಅಂಗೈಗಳನ್ನು ತಿರುಗಿಸಿ ನೋಡಿದ. ಬಿದಿರು ಉಜ್ಜಿದ ಕಡೆ ಚರ್ಮ ಸುಲಿದು ಕೆಂಪಾಗಿತ್ತು.

‘ಅವ್ನಿಗೂ ಹಿಂಗೇ ಆಗಿತ್ತು’ ಎಂದ. ‘ಕೈ ತೋರಿಸ್ದ. ನಾನು ನೋಡ್ಲಿಲ್ಲ.’

ಆಮೇಲೆ ತೊಟ್ಟಿಯ ಕಟ್ಟೆಯ ಮೇಲೆ ಕೂತು, ಒಂದೊಂದೇ ಮಾತು ಕಿತ್ತುಕೊಂಡ ಹಾಗೆ ಹೇಳಿದ. ತೊಗಲಿನ ಬಾನಿ ಬಗ್ಗಿಸಿದರೆ ಮೆತ್ತಗೆ ಮಡಚಿಕೊಂಡು, ಸ್ವಲ್ಪ ಸ್ವಲ್ಪವಾಗಿ ನೀರು ಬಿಡುತ್ತಿತ್ತು. ಮರದ ಮೇಲಿನವನಿಗೆ ತೂಕ ಇಳಿಯುವುದು ಕಾಲಿಗೇ ತಿಳಿಯುತ್ತಿತ್ತು, ಅವನು ಅದಕ್ಕೆ ತಕ್ಕಂತೆ ಮುಂದೆ ಹೆಜ್ಜೆ ಇಡುತ್ತಿದ್ದ. ಕಬ್ಬಿಣದ್ದು ಹಾಗಲ್ಲ, ಒಮ್ಮೆಲೇ ಖಾಲಿ. ದೊಡ್ಡಪ್ಪ ಬಿದ್ದ ದಿನವೇ ಆ ಬಕೀಟು ಏತಕ್ಕೆ ಕಟ್ಟಿದ ಮೊದಲ ದಿನ. ಇಷ್ಟು ವರ್ಷ ಅವನು ಹಾಲಿನವನನ್ನು, ಟಿವಿಯವನನ್ನು, ಬಿಸಿಲನ್ನು ಅನುಮಾನಿಸಿದ. ಅಟ್ಟದ ಮೇಲಿದ್ದ ಬಕೀಟೊಂದನ್ನು ಬಿಟ್ಟ.

‘ತಂದೋನು ನಾನೇ’ ಎಂದ. ‘ಅವ್ನ ಮ್ಯಾಲೆ ಅನುಮಾನ ಪಟ್ಟು ತಂದೆ. ಅದ್ರಿಂದ್ಲೇ ಬಿದ್ದೆ. ಬಿದ್ದು ತಿರ್ಗಾ ಅವ್ನ ಮ್ಯಾಲೇ ಹಾಕ್ದೆ.’

ನಮ್ಮಪ್ಪ ಬಿಟ್ಟಿರಲಿಲ್ಲ. ಗಳ ತಾನಾಗಿಯೇ ಹೋಗಿತ್ತು. ನನಗೆ ಆ ಬಾವಿಯ ಕಟ್ಟೆಯ ಮೇಲೆ ಕೂತು ಜೋರಾಗಿ ಅಳಬೇಕೆನ್ನಿಸಿತು, ಅತ್ತೂಬಿಟ್ಟೆ. ಸಸಿಗಳಿಗೆ ಮಾತ್ರ ನೀರು ಬೇಕಿತ್ತಲ್ಲ. ದೊಡ್ಡಪ್ಪ ನನ್ನ ಕೈಗೆ ತನ್ನ ಟವಲ್ಲು ಸುತ್ತಿ, ‘ಒಂದೇ ಕಿತ ಬಗ್ಗಿಸ್ಬ್ಯಾಡ. ಅರ್ಧ ಸುರಿ. ಅವ್ನು ಒಂದೆಜ್ಜೆ ಮುಂದಕ್ಕೆ ಬರ್ಲಿ. ಆಮ್ಯಾಕೆ ಇನ್ನರ್ಧ’ ಎಂದು ಹೇಳಿಕೊಟ್ಟ. ಹೇಳಿಕೊಟ್ಟು ಎದ್ದು ಹೋದ. ನಾಲ್ಕು ಮಾರು ದೂರದ ಕಲ್ಲಿನ ಮೇಲೆ ತಿರುಗಿ ಕೂರಲಿಲ್ಲ, ಕಾಲುವೆಯ ಕೊನೆಗೆ ಹೋಗಿ ಸಾಲುಗಳಿಗೆ ನೀರು ಕಟ್ಟುತ್ತ ನಿಂತ, ನಮಗೆ ಬೆನ್ನು ಮಾಡಿ. ಅವನು ಯಾರಿಗಾದರೂ ಬೆನ್ನು ಮಾಡಿ ನಿಂತದ್ದನ್ನು ನಾನು ಅದೇ ಮೊದಲು ಕಂಡದ್ದು.

ಸಂಜೆ ಅಣ್ಣನ ಫೋನು ತಂದು ನನ್ನ ಮುಂದೆ ಹಿಡಿದ. ‘ಅವ್ನಿಗೆ ಹಾಕು.’ ಹಾಕಿದೆ. ದೊಡ್ಡಪ್ಪ ಮಾತಾಡುತ್ತಾನಂತೆ ಎಂದು ಅಪ್ಪನಿಗೆ ಹೇಳಿದೆ. ಫೋನು ಎಲ್ಲರಿಗೂ ಕೇಳುವ ಹಾಗೆ ಇಟ್ಟೆ.

‘ಎವರು?’ ಎಂದ ದೊಡ್ಡಪ್ಪ.

‘ನಾನೇ ಅಣ್ಣಾ.’

‘ನೀನೇ ಅನ್ನಾಕೆ ಏನು ಗ್ಯಾರಂಟಿ? ಹಂಗಾರೆ ಹೇಳು. ಏತದ ಕಬ್ಬಿಣದ ಬಕೀಟು ಹಿಂದೂಪುರದಿಂದ ತಂದೋರು ಯಾರು?’

ಫೋನು ಕಟ್ಟಾಯಿತೇನೋ ಎಂದು ಅಣ್ಣ ಬಗ್ಗಿ ನೋಡಿದ. ಆಮೇಲೆ ಅಪ್ಪನ ದನಿ ಬಂತು.

‘ಇಬ್ರೂ ಹೋಗಿ ತಂದ್ವಲ್ಲಣ್ಣಾ.’

ದೊಡ್ಡಪ್ಪ ಫೋನನ್ನು ಅಂಗೈಯಿಂದ ಮುಚ್ಚಿ ನನ್ನ ಕಡೆ ತಿರುಗಿದ. ‘ಸುಳ್ಳು ಹೇಳ್ತಾವ್ನೆ ಕಣಮ್ಮ’ ಎಂದ. ‘ನನ್ ತಮ್ಮನೇ ಇವ್ನು.’

ಮುಂದಿನ ವಾರ ಅಪ್ಪ ಬರುವುದೆಂದಾಯಿತು. ನಾನು ಬಸ್ಸಿಗೆ ಹೊರಟಾಗ ದೊಡ್ಡಪ್ಪ ಎಂದೂ ಇಲ್ಲದೆ ಕುಂಟಿಕೊಂಡು ಸ್ಟಾಪಿನವರೆಗೆ ಬಂದ. ಬಸ್ಸು ದೂರದಲ್ಲಿ ಕಾಣಿಸಿದ ಮೇಲೆ ಕೇಳಿದ.

‘ನಿಂಗೂ ಇತ್ತಲ್ವಾ ಅನುಮಾನ, ನಿಮ್ಮಪ್ಪನ ಮ್ಯಾಲೆ?’

ನಾನು ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡೆ.

‘ಮೊದ್ಲು ಬಂದ ದಿನವೇ ಕಂಡೆ. ಹಲಗೆ ಮ್ಯಾಲೆ ನಿಂತ್ಕಂಡು ಬರೀ ಕೈ ಹಿಡಿಯೋದು, ಬುಡೋದು ಮಾಡ್ತಿದ್ದೆ. ನಾನು ಹಿತ್ಲಿಂದ ನೋಡ್ತಿದ್ದೆ.’ ನನ್ನ ಮುಖ ನೋಡದೆ, ಬರುತ್ತಿದ್ದ ಬಸ್ಸಿನ ಕಡೆಗೇ ನೋಡುತ್ತ ಹೇಳಿದ, ‘ಅವ್ನಿಗೆ ಹೇಳ್ಬ್ಯಾಡ. ಅನುಮಾನ ಪಟ್ಟೋನು ನಾನೊಬ್ನೇ ಅಂತ್ಲೇ ಇರ್ಲಿ. ಅಣ್ಣ ನಂಬ್ಲಿಲ್ಲ ಅಂದ್ರೆ ಹೆಂಗೋ ತಡ್ಕಂಡ. ಮಗಳೂ ನಂಬ್ಲಿಲ್ಲ ಅಂದ್ರೆ ತಡ್ಕಳಾಕಿಲ್ಲ.’

ಅಪ್ಪ ಬಂದ. ಕ್ಷಮಿಸು ಗಿಮಿಸು ಎಂಬ ಮಾತೇನೂ ನಡೆಯಲಿಲ್ಲ. ಇಬ್ಬರೂ ಬಾವಿಯ ಕಟ್ಟೆಯ ಮೇಲೆ ಕೂತು ಸುಣ್ಣದ ಗೆರೆ ನೋಡುತ್ತ, ನೀರು ಕದ್ದವರು ಯಾರಿರಬಹುದು ಎಂದು ಒಬ್ಬೊಬ್ಬರ ಹೆಸರನ್ನೇ ಹಿಡಿದು ವಿಚಾರಣೆ ಮಾಡಿದರು. ಬೀಳು ಬಿಟ್ಟಿದ್ದ ಹೊಲಕ್ಕೆ ಆ ವರ್ಷ ನೇಗಿಲು ಬಿತ್ತು. ಅಪ್ಪ ತಿಂಗಳಲ್ಲಿ ಹತ್ತು ದಿನ ಅಲ್ಲೇ ಇರತೊಡಗಿದ. ಹೀಗೆ ಎರಡು ವರ್ಷ ಸಿಕ್ಕಿತು. ಒಂದು ಆಷಾಢದ ಬೆಳಿಗ್ಗೆ, ದೊಡ್ಡಮ್ಮ ಕೊಟ್ಟ ಕಾಫಿಯನ್ನು ಮೂಸಿ ನೋಡಿ ಕುಡಿದು, ಲೋಟ ಕೆಳಗಿಟ್ಟು, ಗೋಡೆಗೆ ಒರಗಿದ ದೊಡ್ಡಪ್ಪ ಮತ್ತೆ ಏಳಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಅಪ್ಪನೂ ನಾನೂ ಬಾವಿಯ ಹತ್ತಿರ ಹೋದೆವು. ದೊಡ್ಡಪ್ಪ ಎಳೆದ ಕೊನೆಯ ಗೆರೆ ಇನ್ನೂ ಬೆಳ್ಳಗೆ ಇತ್ತು. ಅಪ್ಪ ಬಹಳ ಹೊತ್ತು ತನ್ನ ಅಂಗೈ ನೋಡಿಕೊಳ್ಳುತ್ತ ಕೂತಿದ್ದ.

‘ಈ ಲೋಕದಾಗೆ ನನ್ ಮ್ಯಾಲೆ ಅನುಮಾನ ಪಟ್ಟೋನು ಅವ್ನೊಬ್ನೇ ಕಣಮ್ಮ’ ಎಂದ. ‘ನೀವೆಲ್ಲ ನಂಬಿದ್ರಿ. ಅದ್ಕೇ ಬದುಕ್ದೆ.’

‘ಹೂಂ ಕಣಪ್ಪ’ ಎಂದೆ.

ಅಪ್ಪನಿಗೆ ಓದಲು ಬರುವುದು ತೆಲುಗು ಮಾತ್ರ. ಅದಕ್ಕೇ ಇದನ್ನು ಕನ್ನಡದಲ್ಲಿ ಬರೆದಿದ್ದೇನೆ.